ನಾಗಪ್ಪ ಕಾಯುವ ಮನೆಯಲ್ಲಿ ಹಾವಿನ ಭಯ

ಪ್ರಶ್ನೆ: ಡಾಕ್ಟರೇ, ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಒಂಟಿ ಮನೆ. ಸುತ್ತ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ, ತೋಟದ ಕೊನೆಯಲ್ಲಿ ಹಿರಿಯರ ಕಾಲದ ನಾಗಬನ. ನನ್ನ ಅತ್ತೆಗೆ 68 ವರ್ಷ. ದಿನಾ ಕತ್ತಲಾಗುವ ಹೊತ್ತಿಗೆ ಬನಕ್ಕೆ ಹೋಗಿ ನಾಗನ ಕಲ್ಲಿಗೆ ದೀಪವಿಟ್ಟು ಬರುತ್ತಾರೆ. ಚಪ್ಪಲಿ ಹಾಕುವುದಿಲ್ಲ, ಟಾರ್ಚು ಹಿಡಿಯುವುದಿಲ್ಲ. ಹೇಳಿದರೆ, 'ಮದುವೆಯಾಗಿ ಬಂದಾಗಿನಿಂದ ನಡೆದ ದಾರಿ, ನಾಗಪ್ಪ ನನಗೇನೂ ಮಾಡುವುದಿಲ್ಲ, ನಿಮಗೆ ನಂಬಿಕೆ ಇಲ್ಲ ಅಷ್ಟೆ' ಎನ್ನುತ್ತಾರೆ. ಹೋದ ಮಳೆಗಾಲದಲ್ಲಿ ನನ್ನ ಮೈದುನ ಸೌದೆ ತೆಗೆಯುವಾಗ ಹಾವು ಕಚ್ಚಿತು. ಆಸ್ಪತ್ರೆಗೆ ಹೋಗದೆ ನಾಟಿ ಪಂಡಿತರ ಹತ್ತಿರ ಕರೆದುಕೊಂಡು ಹೋದರು. ಅವರು ಮಂತ್ರ ಹಾಕಿ, ಬೇರು ಅರೆದು ಕುಡಿಸಿದರು. ಎರಡೇ ದಿನದಲ್ಲಿ ಆತ ಹುಷಾರಾದ. ಅಂದಿನಿಂದ ಮನೆಯಲ್ಲಿ ಆಸ್ಪತ್ರೆಯ ಮಾತನ್ನೇ ಎತ್ತುವಂತಿಲ್ಲ. 'ಆ ಇಂಜೆಕ್ಷನ್ನಿನಿಂದಲೇ ಜನ ಸಾಯುತ್ತಾರೆ' ಎನ್ನುತ್ತಾರೆ. ನನಗೆ ಇಬ್ಬರು ಸಣ್ಣ ಮಕ್ಕಳು, ನೆಲದ ಮೇಲೆ ಚಾಪೆ ಹಾಸಿಕೊಂಡು ಅಜ್ಜಿಯ ಜೊತೆ ಮಲಗುತ್ತಾರೆ. ನಾನೂ ದೇವರನ್ನು ನಂಬುವವಳೇ. ಆದರೂ ಮಳೆಗಾಲ ಬಂತೆಂದರೆ ರಾತ್ರಿ ನಿದ್ದೆ ಬರುವುದಿಲ್ಲ. ಹೀಗೆ ಹೆದರುವುದು ನಂಬಿಕೆಯ ಕೊರತೆಯೇ? ಹಾವು ಕಚ್ಚುವುದು ನಾಗದೋಷದಿಂದಲೇ? ಮನೆಯವರ ಮನಸ್ಸು ನೋಯಿಸದೆ ನಾನು ಏನು ಮಾಡಬಹುದು?

ಉತ್ತರ: ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ನಿಮಗೆ ಹಾವಿನ ಹೆದರಿಕೆ ಇದೆ. ಆ ಹೆದರಿಕೆಯನ್ನು ಬಾಯಿಬಿಟ್ಟು ಹೇಳಿದರೆ ನಂಬಿಕೆ ಇಲ್ಲದವಳು ಎನಿಸಿಕೊಳ್ಳಬೇಕಾಗುತ್ತದೆ ಎಂಬ ಸಂಕಟವೂ ಇದೆ. ಮಲೆನಾಡಿನ ಮತ್ತು ಕರಾವಳಿಯ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ ವೈದ್ಯನಾಗಿ ಈ ಎರಡನೆಯ ಸಂಕಟವನ್ನು ನಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ, ಮತ್ತು ಹಾವು ಕಡಿತದಿಂದ ಆಗುವ ಸಾವುಗಳಲ್ಲಿ ಅದರ ಪಾಲೂ ಇದೆ ಎಂದು ತಿಳಿದಿದ್ದೇನೆ. ನಾನು ಕೂಡ ದಿನವೂ ದೇವರಿಗೆ ದೀಪ ಹಚ್ಚುವ ಮನೆಯವನು. ಹಾಗಾಗಿ ನಿಮ್ಮ ಅತ್ತೆಯವರ ನಂಬಿಕೆಯನ್ನು ಅಜ್ಞಾನವೆಂದು ತಳ್ಳಿಹಾಕಿ ಉತ್ತರ ಬರೆಯುವುದು ನನ್ನಿಂದಾಗದು, ಅದರ ಅಗತ್ಯವೂ ಇಲ್ಲ.

ಮೊದಲಿಗೆ, ನಿಮ್ಮ ಭಯಕ್ಕೆ ಆಧಾರವಿದೆ. 2000ರಿಂದ 2019ರವರೆಗಿನ 20 ವರ್ಷಗಳಲ್ಲಿ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಜನ, ಎಂದರೆ ವರ್ಷಕ್ಕೆ ಸರಾಸರಿ 58,000 ಜನ, ಹಾವು ಕಡಿತದಿಂದ ಸತ್ತಿದ್ದಾರೆಂದು ರಾಷ್ಟ್ರಮಟ್ಟದ ಸಾವುಗಳ ಅಧ್ಯಯನವೊಂದು ಅಂದಾಜು ಮಾಡಿದೆ. ಇವುಗಳಲ್ಲಿ ಅರ್ಧದಷ್ಟು ಸಾವುಗಳು ಮಳೆಗಾಲದಲ್ಲೇ ಆಗಿವೆ. ಸತ್ತವರಲ್ಲಿ ಕಾಲುಭಾಗಕ್ಕೂ ಹೆಚ್ಚು ಮಂದಿ 15 ವರ್ಷದೊಳಗಿನ ಮಕ್ಕಳು. ಹೆಚ್ಚಿನವರು ಹಳ್ಳಿಗಳಲ್ಲಿ, ಆಸ್ಪತ್ರೆ ಮುಟ್ಟದೆ, ಮನೆಯಲ್ಲೇ ಪ್ರಾಣ ಬಿಟ್ಟವರು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ಅಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಪ್ರತಿಯೊಂದು ಹಾವು ಕಡಿತವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಹೀಗಿರುವಾಗ ಮಳೆಗಾಲದಲ್ಲಿ ತೋಟದ ಮನೆಯ ತಾಯಿಯೊಬ್ಬಳು ಮಕ್ಕಳ ಹಾಸಿಗೆಯ ಬಗ್ಗೆ ಚಿಂತಿಸಿದರೆ ಅದನ್ನು ನಂಬಿಕೆಯ ಕೊರತೆ ಎನ್ನಲಾಗದು. ನಮ್ಮ ನೆಲದಲ್ಲಿ ಬದುಕುವವರಿಗೆ ಇರಬೇಕಾದ ಎಚ್ಚರ ಅದು.

ಇನ್ನು ನಿಮ್ಮ ಮೈದುನನ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಮನೆಯವರ ಈಗಿನ ಧೈರ್ಯವೆಲ್ಲ ಆ ಒಂದು ಘಟನೆಯ ಮೇಲೆ ನಿಂತಿದೆ.

ಭಾರತದಲ್ಲಿ 300ಕ್ಕೂ ಹೆಚ್ಚು ಬಗೆಯ ಹಾವುಗಳಿವೆ. ಮನುಷ್ಯನನ್ನು ಕೊಲ್ಲಬಲ್ಲ ವಿಷ ಇರುವವು ಅವುಗಳಲ್ಲಿ ಕೆಲವೇ. ಸಾವುಗಳಲ್ಲಿ ಬಹುಪಾಲು ನಾಲ್ಕು ಹಾವುಗಳಿಂದ ಆಗುತ್ತವೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಸೌದೆ ರಾಶಿಯಲ್ಲಿ, ಕೊಟ್ಟಿಗೆಯ ಗೋಡೆಯಲ್ಲಿ, ಬಚ್ಚಲ ಬಳಿ ಸಿಗುವ ಹಾವುಗಳಲ್ಲಿ ಮನುಷ್ಯನಿಗೆ ಅಪಾಯವಿಲ್ಲದ ಕೇರೆಹಾವು, ನೀರೊಳ್ಳೆ, ತೋಳಹಾವುಗಳೇ ಎಷ್ಟೋ ಇರುತ್ತವೆ. ತೋಳಹಾವು ಮೈಮೇಲಿನ ಪಟ್ಟೆಗಳಿಂದ ಕಟ್ಟುಹಾವಿನಂತೆ ಕಾಣುತ್ತದೆ. ವಿಷವಿಲ್ಲದ ಮಣ್ಣುಮುಕ್ಕ ಹಾವು ಕೊಳಕುಮಂಡಲದ ಮರಿಯಂತೆ ಕಾಣುತ್ತದೆ. ಗಾಬರಿಯಲ್ಲಿ, ಮಬ್ಬು ಬೆಳಕಿನಲ್ಲಿ, ಅರ್ಧ ಕ್ಷಣ ಕಂಡ ಹಾವನ್ನು ಅನುಭವಸ್ಥರೂ ತಪ್ಪಾಗಿ ಗುರುತಿಸುತ್ತಾರೆ. ಇದಲ್ಲದೆ, ವಿಷದ ಹಾವೇ ಕಚ್ಚಿದಾಗಲೂ ಪ್ರತಿ ಬಾರಿ ವಿಷ ಒಳಗಿಳಿಯುವುದಿಲ್ಲ. ಹಾವಿಗೆ ವಿಷ ಇರುವುದು ಇಲಿ ಕಪ್ಪೆಗಳನ್ನು ಹಿಡಿದು ತಿನ್ನುವುದಕ್ಕೆ. ಮನುಷ್ಯನನ್ನು ದೂರ ಸರಿಸಲು ಅದು ಕಚ್ಚುವಾಗ ಹಲವು ಸಲ ವಿಷವನ್ನೇ ಬಿಡುವುದಿಲ್ಲ, ಬಿಟ್ಟರೂ ಅತ್ಯಲ್ಪ ಬಿಟ್ಟಿರುತ್ತದೆ. ಇದನ್ನು ನಾವು ಒಣ ಕಡಿತ ಎನ್ನುತ್ತೇವೆ. ಹಲ್ಲಿನ ಗುರುತು ಇರುತ್ತದೆ, ಸ್ವಲ್ಪ ಊತ, ನೋವು, ಭಯದಿಂದ ಬೆವರು, ಎದೆಬಡಿತ, ವಾಂತಿ ಕೂಡ ಇರಬಹುದು, ಆದರೆ ಮೈಯಲ್ಲಿ ವಿಷವಿರುವುದಿಲ್ಲ.

ಇಂಥ ವ್ಯಕ್ತಿಯನ್ನು ಪಂಡಿತರ ಬಳಿಗೆ ಕರೆದೊಯ್ದರೂ ಉಳಿಯುತ್ತಾನೆ, ಜಗುಲಿಯ ಮೇಲೆ ಸುಮ್ಮನೆ ಮಲಗಿಸಿದರೂ ಉಳಿಯುತ್ತಾನೆ. ಉಳಿದವನ ಕಥೆ ಊರೆಲ್ಲ ಹರಡುತ್ತದೆ. ಸತ್ತವನ ವಿಷಯದಲ್ಲಿ 'ಆಯುಷ್ಯ ಅಷ್ಟೇ ಇತ್ತು' ಎಂದು ಮಾತು ಮುಗಿಯುತ್ತದೆ, ಮಂತ್ರ ಫಲಿಸಲಿಲ್ಲವೆಂದು ಯಾರೂ ಲೆಕ್ಕ ಇಡುವುದಿಲ್ಲ. ಪಂಡಿತರು ಮೋಸಗಾರರೆಂದು ನಾನು ಹೇಳುತ್ತಿಲ್ಲ. ನಾನು ಬಲ್ಲ ಹಲವರು ದುಡ್ಡು ಮುಟ್ಟದೆ, ಹೊತ್ತುಗೊತ್ತಿಲ್ಲದೆ ಬಂದವರಿಗೆ ಬಾಗಿಲು ತೆರೆಯುವ ಸಜ್ಜನರು. ಆದರೆ ರಕ್ತಕ್ಕೆ ಸೇರಿದ ವಿಷವನ್ನು ಇಳಿಸುವ ಶಕ್ತಿ ಯಾವ ಬೇರಿಗಾಗಲಿ, ಕಚ್ಚಿದ ಜಾಗಕ್ಕೆ ಅಂಟಿಸುವ ವಿಷಕಲ್ಲಿಗಾಗಲಿ ಇಲ್ಲ. ನಿಮ್ಮ ಮೈದುನ ಉಳಿದದ್ದು ದೇವರ ದಯೆ ಎಂದು ನಿಮ್ಮ ಮನೆಯವರು ನಂಬಿದರೆ ನಾನು ಅಲ್ಲಗಳೆಯುವುದಿಲ್ಲ. ಹಾವು ವಿಷ ಬಿಡದೆ ಕಚ್ಚಿತಲ್ಲ, ಆ ದಯೆ ಅಲ್ಲಿಯೇ, ಸೌದೆ ರಾಶಿಯ ಹತ್ತಿರವೇ ಆಗಿತ್ತು. ಮುಂದಿನ ಸಲವೂ ಹಾಗೆಯೇ ಆಗುತ್ತದೆಂದು ಅದರಿಂದ ತೀರ್ಮಾನಿಸಲು ಬರುವುದಿಲ್ಲ.

ವಿಷ ಒಳಗೆ ಹೋದಾಗ ಏನಾಗುತ್ತದೆ ಎಂಬುದನ್ನು ಒಂದು ಸರಳ ಪರೀಕ್ಷೆಯಿಂದ ತೋರಿಸಬಹುದು. ಹಾವು ಕಚ್ಚಿದವರು ಬಂದ ಕೂಡಲೇ ನಾವು ಅವರ ರಕ್ತವನ್ನು ಸುಮಾರು 2 ಮಿಲಿಲೀಟರಿನಷ್ಟು ತೆಗೆದು, ಹೊಸದಾದ, ಶುಚಿಯಾದ, ಒಣಗಿದ ಗಾಜಿನ ನಳಿಕೆಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಇಡುತ್ತೇವೆ. ಆಮೇಲೆ ನಳಿಕೆಯನ್ನು ಬಾಗಿಸಿ ನೋಡುತ್ತೇವೆ. ಆರೋಗ್ಯವಂತರ ರಕ್ತ ಗಟ್ಟಿಯಾಗಿ ತಳದಲ್ಲೇ ನಿಂತಿರುತ್ತದೆ. ಕೊಳಕುಮಂಡಲದ ವಿಷ ಏರಿದವರ ರಕ್ತ ನೀರಿನ ಹಾಗೆ ಜಾರಿ ಬಾಯಿಗೆ ಬರುತ್ತದೆ. ಹೆಪ್ಪುಗಟ್ಟಿಸುವ ಅಂಶಗಳನ್ನೆಲ್ಲ ವಿಷ ಆಗಲೇ ಮುಗಿಸಿರುತ್ತದೆ. ವಸಡಿನಲ್ಲಿ, ಮೂತ್ರದಲ್ಲಿ, ಕೆಲವೊಮ್ಮೆ ಮಿದುಳಿನೊಳಗೆ ರಕ್ತ ಸೋರಲು ಶುರುವಾಗಿರುತ್ತದೆ.

ಒಬ್ಬ ಕೃಷಿಕರನ್ನು ಹೀಗೆಯೇ ಸಂಜೆಯ ಹೊತ್ತಿಗೆ ಕರೆತಂದಿದ್ದರು. ಬೆಳಿಗ್ಗೆ ತೋಟದ ಕಾಲುವೆ ಬಿಡಿಸುವಾಗ ಕಣಕಾಲಿಗೆ ಕಚ್ಚಿತ್ತು. ತೊಡೆಗೆ ಬಾಳೆನಾರಿನ ಹಗ್ಗ ಬಿಗಿದಿದ್ದರು, ಹಣೆಗೆ ಮೂರು ದೇವಸ್ಥಾನಗಳ ಕುಂಕುಮ ಹಚ್ಚಿದ್ದರು, ಕಚ್ಚಿದ ಜಾಗವನ್ನು ಬ್ಲೇಡಿನಲ್ಲಿ ಗೀರಿದ್ದರು, ಆ ಗೀರಿನಿಂದ ಸೋರುತ್ತಿದ್ದ ರಕ್ತ ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಅವರ ಹೆಂಡತಿ ನನ್ನನ್ನು ಕೇಳಿದ್ದು ಒಂದೇ ಮಾತು, 'ಇಷ್ಟೆಲ್ಲ ಮಾಡಿಸಿದೆವು, ಇನ್ನೇನು ಬಾಕಿ ಇತ್ತು?' ಎಂದು. ಅವರು ಬದುಕಿದರು, ಆದರೆ ಮೂತ್ರಪಿಂಡ ಕೆಟ್ಟು ಬಹಳ ಕಾಲ ಡಯಾಲಿಸಿಸ್ ಮಾಡಿಸಬೇಕಾಯಿತು. ಆ ಕುಟುಂಬ ಪ್ರೀತಿಯಲ್ಲಿ ಕಡಿಮೆ ಮಾಡಿರಲಿಲ್ಲ, ಭಕ್ತಿಯಲ್ಲೂ ಕಡಿಮೆ ಮಾಡಿರಲಿಲ್ಲ. ಕಳೆದುಕೊಂಡದ್ದು ಹೊತ್ತನ್ನು.

ನಂಬಿಕೆಯ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಅತ್ತೆಯವರು ಪರೀಕ್ಷಿತ ರಾಜನ ಕಥೆಯನ್ನು ಖಂಡಿತ ಕೇಳಿರುತ್ತಾರೆ. ಹರಿಕಥೆ, ಯಕ್ಷಗಾನ, ಪುರಾಣ ಪ್ರವಚನಗಳಲ್ಲಿ ಅದನ್ನು ಕೇಳದ ಮಲೆನಾಡಿಗರು ವಿರಳ. ಏಳು ದಿನದೊಳಗೆ ತಕ್ಷಕ ಕಚ್ಚಿ ಸಾಯುವ ಶಾಪ ಬಂದಾಗ ರಾಜ ದೇವರ ಧ್ಯಾನವನ್ನಷ್ಟೇ ಮಾಡುತ್ತ ಕೂರಲಿಲ್ಲ. ಒಂಟಿಕಂಬದ ಅರಮನೆ ಕಟ್ಟಿಸಿ, ಅಲ್ಲಿ ವೈದ್ಯರನ್ನೂ ಔಷಧಗಳನ್ನೂ ಮಂತ್ರಸಿದ್ಧರನ್ನೂ ಒಟ್ಟಿಗೇ ಇರಿಸಿಕೊಂಡ. ವಿಷ ಇಳಿಸಬಲ್ಲ ಕಾಶ್ಯಪನೆಂಬ ಬ್ರಾಹ್ಮಣ ರಾಜನನ್ನು ಉಳಿಸಲೆಂದು ಹೊರಟಿದ್ದಾಗ ತಕ್ಷಕ ದಾರಿಯಲ್ಲಿ ಅವನನ್ನು ತಡೆದು ಪರೀಕ್ಷಿಸಿದ. ಆಲದ ಮರವೊಂದನ್ನು ತಾನು ಕಚ್ಚಿ ಸುಟ್ಟರೆ, ಆತ ಅದನ್ನು ಮತ್ತೆ ಚಿಗುರಿಸಿದ. ಆಗ ತಕ್ಷಕ ಅವನಿಗೆ ಬೇಕಾದಷ್ಟು ಧನ ಕೊಟ್ಟು ಹಿಂದಕ್ಕೆ ಕಳಿಸಿದ. ರಾಜನ ಆಯುಷ್ಯ ಮುಗಿದಿದೆಯೆಂದು ತನ್ನ ತಪೋಬಲದಿಂದ ಅರಿತ ಕಾಶ್ಯಪನೂ ಹಿಂದಿರುಗಿದ. ವಿಧಿಯ ಮಾತು ಆ ಕಥೆಯಲ್ಲಿ ಇದೆ, ನಿಜ. ಆದರೆ ಸರ್ಪರಾಜನೇ ಅಂಜಿ ನಡುದಾರಿಯಲ್ಲಿ ತಡೆದದ್ದು ಯಾರನ್ನು ಎಂಬುದನ್ನೂ ಅದೇ ಕಥೆ ಹೇಳುತ್ತದೆ. ಆ ಕಥೆಯನ್ನು ಹೇಳಿಕೊಂಡು ಬಂದ ನಮ್ಮ ಹಿರಿಯರಿಗೆ ವೈದ್ಯನನ್ನು ಕರೆಸುವುದು ದೈವದ್ರೋಹವೆಂದು ಎಂದೂ ಅನಿಸಿರಲಿಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ವಿಷಚಿಕಿತ್ಸೆಗೆಂದೇ ಅಗದತಂತ್ರವೆಂಬ ಒಂದು ಇಡೀ ಅಂಗವಿದೆ. ಅದನ್ನು ಕಟ್ಟಿದವರೂ ನಾಗನಿಗೆ ಕೈಮುಗಿದವರೇ. ತಮ್ಮ ಕಾಲದಲ್ಲಿ ಕೈಗೆ ಸಿಕ್ಕ ಅತ್ಯುತ್ತಮ ಉಪಾಯವನ್ನು ಅವರು ಮಾಡಿದರು; ನಮ್ಮ ಕಾಲದಲ್ಲಿ ಅದಕ್ಕಿಂತ ಬಲವಾದ ಉಪಾಯ, ವಿಷನಿರೋಧಕ ಇಂಜೆಕ್ಷನ್, ತಾಲ್ಲೂಕು ಆಸ್ಪತ್ರೆಯ ಫ್ರಿಜ್ಜಿನಲ್ಲಿದೆ.

ದೇವರು ಕಾಯುತ್ತಾನೆಂದು ನಂಬುವುದು ಒಂದು. ಕಾಯುತ್ತಾನೋ ಇಲ್ಲವೋ ನೋಡೋಣವೆಂಬಂತೆ ಕತ್ತಲಲ್ಲಿ ಬರಿಗಾಲಿನಲ್ಲಿ ನಡೆಯುವುದು ಇನ್ನೊಂದು. ನಿಮ್ಮ ಅತ್ತೆಯವರು ಎರಡನೆಯದನ್ನು ಮಾಡುತ್ತಿದ್ದಾರೆಂದು ನಾನು ಹೇಳುವುದಿಲ್ಲ. ಅವರಿಗೆ ಅದು ರೂಢಿ, ಮತ್ತು ಎಷ್ಟೋ ವರ್ಷ ಏನೂ ಆಗದಿದ್ದುದರಿಂದ ಬಂದ ನೆಮ್ಮದಿ. ಆದರೆ 68ರ ಕಣ್ಣಿಗೆ ಮುಸ್ಸಂಜೆಯ ಬೆಳಕು 30ರ ಕಣ್ಣಿಗೆ ಸಿಕ್ಕಷ್ಟು ಸಿಗುವುದಿಲ್ಲ, ಮತ್ತು ಅವರು ಹೋಗುವ ಹೊತ್ತೇ ಹಾವುಗಳು ಹೊರಗೆ ಹೊರಡುವ ಹೊತ್ತು. ನಾಗಬನವೆಂದರೆ ಕಡಿಯದೆ ಉಳಿಸಿದ ಕಾಡಿನ ತುಂಡು. ಅಲ್ಲಿ ಒಣಗಿದ ಎಲೆಗಳ ಹಾಸು, ಹುತ್ತ, ಬೇರಿನ ಸಂದು, ಕಪ್ಪೆ, ಇಲಿ, ಎಲ್ಲವೂ ಇರುತ್ತವೆ. ಆದ್ದರಿಂದ ಹಾವುಗಳೂ ಇರುತ್ತವೆ. ಅದು ಅವುಗಳ ಮನೆ ಎಂದು ಬಿಟ್ಟುಕೊಟ್ಟದ್ದೇ ಹಿರಿಯರ ಭಕ್ತಿ. ಆ ಮನೆಗೆ ಹೋಗುವವರು ತಾವು ಬರುತ್ತಿರುವುದನ್ನು ಒಳಗಿರುವವರಿಗೆ ತಿಳಿಸಿ ಹೋಗುವುದು ಮರ್ಯಾದೆ ಎಂದು ಅತ್ತೆಯವರಿಗೆ ಹೇಳಿದರೆ ಒಪ್ಪಿಯಾರು. ಹಾವು ನೆಲದ ಅದುರಿನಿಂದ ಮನುಷ್ಯರ ಬರವನ್ನು ತಿಳಿಯುತ್ತದೆ. ಕೋಲೊಂದನ್ನು ನೆಲಕ್ಕೆ ಕುಟ್ಟುತ್ತ ನಡೆದರೆ ಬಹುತೇಕ ಹಾವುಗಳು ತಾವಾಗಿಯೇ ಸರಿದುಹೋಗುತ್ತವೆ. ಆದರೆ ಕೊಳಕುಮಂಡಲ ಸರಿಯದೆ ಅಲ್ಲೇ ಸುರುಳಿ ಸುತ್ತಿ ಬುಸುಗುಡುತ್ತದೆ, ಎಲೆಯ ಬಣ್ಣದಲ್ಲಿ ಬೆರೆತುಹೋಗಿರುತ್ತದೆ. ಅದಕ್ಕಾಗಿ ಬೆಳಕು ಬೇಕೇ ಬೇಕು.

ಆದ್ದರಿಂದ ಬನಕ್ಕೆ ಹೋಗುವುದನ್ನು ನಿಲ್ಲಿಸಿ ಎಂದು ಅವರಿಗೆ ಹೇಳಬೇಡಿ. ಹೇಳಿದರೂ ಅವರು ನಿಲ್ಲಿಸುವುದಿಲ್ಲ, ನಿಮ್ಮ ಮಾತು ಮಾತ್ರ ಬಿದ್ದುಹೋಗುತ್ತದೆ. ದೀಪವನ್ನು ಅರ್ಧ ಗಂಟೆ ಮುಂಚೆ, ಇನ್ನೂ ಬೆಳಕಿರುವಾಗ ಇಡಲು ಕೇಳಿಕೊಳ್ಳಿ. ಮನೆಯಿಂದ ಬನದ ಅಂಚಿನವರೆಗಿನ ದಾರಿಯನ್ನು ಎರಡು ಮಾರು ಅಗಲಕ್ಕೆ ಸವರಿಸಿ, ಬಿದ್ದ ಅಡಿಕೆ ಸೋಗೆ, ಹಾಳೆ, ಎಲೆಗಳನ್ನು ಆಗಾಗ ಗುಡಿಸಿಡಿ. ಗಂಬೂಟನ್ನು ಬನದ ಅಂಚಿನವರೆಗೆ ಹಾಕಿಕೊಂಡು ಹೋಗಿ, ಅಲ್ಲಿ ಕಳಚಿಟ್ಟು, ಗುಡಿಸಿದ ನೆಲದ ಮೇಲೆ ನಾಲ್ಕು ಹೆಜ್ಜೆ ಬರಿಗಾಲಿನಲ್ಲಿ ನಡೆದರೆ ಮಡಿಗೂ ಭಂಗವಿಲ್ಲ. ತಿರುಗಿ ಹಾಕಿಕೊಳ್ಳುವಾಗ ಬೂಟನ್ನು ತಲೆಕೆಳಗು ಮಾಡಿ ಕೊಡವಬೇಕು, ಅದರೊಳಗೆ ಚೇಳೋ ಮರಿಹಾವೋ ಸೇರಿಕೊಂಡಿರುವುದುಂಟು. ಟಾರ್ಚನ್ನು ನೀವು ಹಿಡಿದು ಜೊತೆಗೆ ಹೋಗಿ. ಸೊಸೆ ದೀಪಕ್ಕೆ ಜೊತೆಯಾಗಿ ಬರುತ್ತೇನೆಂದರೆ ಬೇಡವೆನ್ನುವ ಅತ್ತೆಯರು ಕಡಿಮೆ. ಮನೆಯ ಪುರೋಹಿತರು ತಿಳಿದವರಾಗಿದ್ದರೆ ಈ ಮಾತನ್ನು ಅವರ ಬಾಯಿಂದ ಹೇಳಿಸಿ. ನಾನು ಹತ್ತು ಸಲ ಹೇಳಿದ್ದಕ್ಕಿಂತ ಅವರು ಒಮ್ಮೆ ಹೇಳಿದ್ದು ಹೆಚ್ಚು ನಾಟಿದ್ದನ್ನು ನೋಡಿದ್ದೇನೆ.

ಈಗ ಹೇಳುವುದನ್ನು ಮಾತ್ರ ನಾಳೆಗೆ ಇಡಬೇಡಿ. ಮಕ್ಕಳನ್ನೂ ಅಜ್ಜಿಯನ್ನೂ ಇಂದು ರಾತ್ರಿಯಿಂದಲೇ ಮಂಚದ ಮೇಲೆ ಮಲಗಿಸಿ. ಮಂಚವಿಲ್ಲದಿದ್ದರೆ ಸೊಳ್ಳೆಪರದೆ ಕಟ್ಟಿ, ಅದರ ಅಂಚನ್ನು ಹಾಸಿಗೆಯ ಅಡಿಗೆ ಸುತ್ತಲೂ ಬಿಗಿಯಾಗಿ ಸಿಕ್ಕಿಸಿ. ಕೆಲವೆಡೆ ಕಡಂಬಳವೆಂದೂ ಕರೆಯುವ ಕಟ್ಟುಹಾವು ರಾತ್ರಿಯ ಹಾವು; ಇಲಿಯನ್ನೋ ಸಣ್ಣ ಹಾವನ್ನೋ ಅರಸುತ್ತ ಮನೆಯೊಳಗೆ ಬಂದು, ನೆಲದ ಮೇಲೆ ಮಲಗಿದವರು ಮಗ್ಗುಲು ಬದಲಿಸುವಾಗ ಕಚ್ಚುತ್ತದೆ. ಅದರ ಕಡಿತ ಬಹುತೇಕ ನೋಯುವುದಿಲ್ಲ, ಊದುವುದಿಲ್ಲ, ಹಲ್ಲಿನ ಗುರುತು ಕೂಡ ಕಾಣದಿರಬಹುದು. ಬೆಳಗಿನ ಜಾವ ಮಗು ಹೊಟ್ಟೆನೋವು ಎಂದು ಅಳುತ್ತದೆ, ವಾಂತಿ ಮಾಡುತ್ತದೆ. ಮನೆಯವರು ಅಜೀರ್ಣವೆಂದು ಓಮದ ಕಷಾಯ ಕೊಡುತ್ತಾರೆ. ಸ್ವಲ್ಪ ಹೊತ್ತಿಗೆ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಉಗುಳು ನುಂಗಲಾಗುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಮಳೆಗಾಲದಲ್ಲಿ ನೆಲದ ಮೇಲೆ ಮಲಗಿದ್ದ ಯಾರಿಗಾದರೂ ಬೆಳಿಗ್ಗೆ ಕಾರಣವಿಲ್ಲದ ಹೊಟ್ಟೆನೋವಿನ ಜೊತೆ ರೆಪ್ಪೆ ಜೋಲಿದರೆ, ಹಾವನ್ನು ಯಾರೂ ನೋಡಿರದಿದ್ದರೂ ಅದು ಹಾವು ಕಡಿತವೆಂದೇ ತಿಳಿದು ಆಸ್ಪತ್ರೆಗೆ ಓಡಬೇಕು. ತಡವಾಗಿ ಬಂದ ಇಂಥ ರೋಗಿಗಳಿಗೆ ವಿಷನಿರೋಧಕವೊಂದೇ ಸಾಲುವುದಿಲ್ಲ, ಕೃತಕ ಉಸಿರಾಟದ ಯಂತ್ರದ ಮೇಲೆ ದಿನಗಟ್ಟಲೆ ಇಡಬೇಕಾಗುತ್ತದೆ. ಇಟ್ಟರೆ ಹೆಚ್ಚಿನವರು ಎದ್ದು ನಡೆದು ಮನೆಗೆ ಹೋಗುತ್ತಾರೆ. ಆ ದಿನಗಳಲ್ಲಿ ವಾರ್ಡಿನ ಹೊರಗೆ ಕುಳಿತು ಜಪ ಮಾಡುವ ತಾಯಂದಿರನ್ನು ನೋಡಿದ್ದೇನೆ. ಅವರ ನಂಬಿಕೆ ಅವರನ್ನು ಅಲ್ಲಿ ಧೈರ್ಯದಿಂದ ಕೂರಿಸುತ್ತದೆ, ಅರ್ಧಕ್ಕೆ ಮನೆಗೆ ಕರೆದೊಯ್ಯುವ ಒತ್ತಡಗಳನ್ನು ತಡೆಯುತ್ತದೆ. ಆ ನಂಬಿಕೆಯ ಮೇಲೆ ನನಗೆ ಬಹಳ ಗೌರವವಿದೆ.

ಮನೆಯ ಸುತ್ತಲಿನ ಉಳಿದ ವಿಷಯಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಸೌದೆ, ಅಡಿಕೆ ಸಿಪ್ಪೆ, ಹಂಚು, ಕಲ್ಲಿನ ರಾಶಿಗಳು ಗೋಡೆಗೆ ತಾಗಿರಬಾರದು. ಸೌದೆಯನ್ನು ಕೈಯಿಂದ ಎಳೆಯುವ ಮುಂಚೆ ಕೋಲಿನಿಂದ ಕೆದಕಬೇಕು. ಬಚ್ಚಲ ನೀರು ಹೋಗುವ ಕಿಂಡಿಗೆ ಜಾಲರಿ ಬೇಕು. ಇಲಿ ಇರುವಲ್ಲಿಗೆ ಹಾವು ಬರುತ್ತದೆ, ಆದ್ದರಿಂದ ಭತ್ತ, ಅಕ್ಕಿ, ದನದ ಹಿಂಡಿಯನ್ನು ಮುಚ್ಚಿದ ಡಬ್ಬಗಳಲ್ಲಿಡಿ. ಹಾವು ಬಾರದಂತೆ ಸುತ್ತ ಚೆಲ್ಲಲು ಮಾರುವ ಪುಡಿ, ಆಸಿಡ್‌ಗಳನ್ನು ನಂಬಬೇಡಿ. ಅವುಗಳಿಂದ ಮಕ್ಕಳ ಕೈಕಾಲು ಸುಟ್ಟದ್ದಿದೆ, ಹಾವು ಹೆದರಿದ್ದನ್ನು ನಾನು ಕಾಣೆ. ಹಾವು ಕಂಡರೆ ಕೊಲ್ಲಲು ಹೋಗಬೇಡಿ. ನಿಮ್ಮ ಮನೆಯಲ್ಲಿ ಅದನ್ನು ಹೇಳಬೇಕಾಗಿಲ್ಲ, ಆದರೂ ಈ ಅಂಕಣ ಓದುವ ಉಳಿದವರಿಗಾಗಿ ಹೇಳುತ್ತಿದ್ದೇನೆ: ಕೊಲ್ಲಲು ಹೋದವರಿಗೇ ಕಚ್ಚಿದ ಪ್ರಕರಣಗಳು ಆಸ್ಪತ್ರೆಗೆ ಬರುತ್ತಲೇ ಇರುತ್ತವೆ, ಮತ್ತು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಅಪರಾಧ ಕೂಡ.

ಒಂದು ವೇಳೆ ಕಚ್ಚಿದರೆ? ಕಚ್ಚಿಸಿಕೊಂಡವರನ್ನು ಕೂರಿಸಿ, ಅಥವಾ ಮಲಗಿಸಿ. ಓಡಿಸಬಾರದು, ನಡೆಸಬಾರದು. ಉಂಗುರ, ಬಳೆ, ಕಾಲುಂಗುರ, ಕಾಲ್ಗೆಜ್ಜೆಗಳನ್ನು ಕೂಡಲೇ ತೆಗೆಯಿರಿ, ಊತ ಬಂದ ಮೇಲೆ ತೆಗೆಯಲಾಗುವುದಿಲ್ಲ. ಮುರಿದ ಮೂಳೆಗೆ ಕಟ್ಟುವಂತೆ ಕಡ್ಡಿ ಇಟ್ಟು ಸಡಿಲವಾಗಿ ಬಟ್ಟೆ ಸುತ್ತಿ, ಆ ಕೈ ಅಥವಾ ಕಾಲು ಅಲುಗಾಡದಂತೆ ಮಾಡಿ. ಹಗ್ಗ ಬಿಗಿಯಬೇಡಿ, ಬಿಗಿದರೆ ಕಾಲಿಗೆ ರಕ್ತ ನಿಂತು ಅದು ಕೊಳೆಯಬಹುದು, ಬಿಚ್ಚಿದ ಕೂಡಲೇ ತಡೆದಿಟ್ಟ ವಿಷ ಒಮ್ಮೆಗೇ ಮೈಗೆ ನುಗ್ಗಬಹುದು. ಯಾರಾದರೂ ಆಗಲೇ ಬಿಗಿದಿದ್ದರೆ ಮನೆಯಲ್ಲಿ ಬಿಚ್ಚದೆ ಆಸ್ಪತ್ರೆಗೆ ಬನ್ನಿ, ನಾವು ಸಿದ್ಧತೆ ಮಾಡಿಕೊಂಡು ಬಿಚ್ಚುತ್ತೇವೆ. ಕೊಯ್ಯುವುದು, ಬಾಯಿಂದ ಹೀರುವುದು, ಸುಡುವುದು, ಐಸು ಇಡುವುದು, ಕೋಳಿಯ ಗುದ ಒತ್ತುವುದು, ಇವು ಯಾವುವೂ ಬೇಡ. ಹಾವನ್ನು ಹುಡುಕಿ ಹಿಡಿದು ತರುವುದೂ ಬೇಡ. ದೂರದಿಂದ ಫೋಟೋ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವುದು ತಡವೆನಿಸಿದರೆ ಸಿಕ್ಕ ವಾಹನದಲ್ಲಿ ಹೊರಡಿ. ಬೈಕೊಂದೇ ಇದ್ದರೆ ಓಡಿಸುವವನ ಮತ್ತು ಹಿಂದೆ ಹಿಡಿದು ಕೂರುವವನ ನಡುವೆ ರೋಗಿಯನ್ನು ಕೂರಿಸಿ. ಹೊರಡುವ ಮುಂಚೆ ಕೈಮುಗಿಯುವುದಕ್ಕೆ, ಹರಕೆ ಹೊರುವುದಕ್ಕೆ ಅರೆಗಳಿಗೆ ಸಾಕು. ದಾರಿಯುದ್ದಕ್ಕೂ, ಸರ್ಪಯಾಗ ನಿಲ್ಲಿಸಿ ಹಾವುಗಳನ್ನು ಉಳಿಸಿದ ಆಸ್ತೀಕನ ಹೆಸರು ಹೇಳಿಕೊಳ್ಳುತ್ತ ಬಂದರೆ ನನ್ನ ಯಾವ ಆಕ್ಷೇಪವೂ ಇಲ್ಲ. ಭಯ ಇಳಿದರೆ ಎದೆಬಡಿತ ಇಳಿಯುತ್ತದೆ, ರೋಗಿ ಸುಮ್ಮನೆ ಮಲಗುತ್ತಾನೆ, ಅದರಿಂದ ಅನುಕೂಲವೇ.

'ಇಂಜೆಕ್ಷನ್ನಿನಿಂದಲೇ ಜನ ಸಾಯುತ್ತಾರೆ' ಎಂಬ ಮಾತಿನಲ್ಲಿ ಒಂದು ಎಳೆ ಸತ್ಯವಿದೆ, ಅದನ್ನು ಮುಚ್ಚಿಡುವುದಿಲ್ಲ. ವಿಷನಿರೋಧಕವನ್ನು ಕುದುರೆಗಳಿಗೆ ಸ್ವಲ್ಪ ಸ್ವಲ್ಪವಾಗಿ ಹಾವಿನ ವಿಷ ಕೊಟ್ಟು, ಅವುಗಳ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳಿಂದ ತಯಾರಿಸುತ್ತಾರೆ. ಕುದುರೆಯ ಪ್ರೋಟೀನು ಕೆಲವರ ಮೈಗೆ ಒಗ್ಗುವುದಿಲ್ಲ. ತುರಿಕೆ, ಗಂಧೆ, ಚಳಿ, ವಾಂತಿ ಬರಬಹುದು. ಕೆಲವರಿಗೆ ರಕ್ತದೊತ್ತಡ ಕುಸಿದು ಉಸಿರು ಕಟ್ಟುವಷ್ಟು ತೀವ್ರವಾದ ಅಲರ್ಜಿಯೂ ಆಗಬಹುದು. ಅದಕ್ಕೆ ಅಡ್ರಿನಲಿನ್ ಎಂಬ ಔಷಧಿ ಇದೆ, ಅದನ್ನು ಪಕ್ಕದಲ್ಲಿ ತುಂಬಿಟ್ಟುಕೊಂಡೇ ನಾವು ವಿಷನಿರೋಧಕ ಶುರು ಮಾಡುತ್ತೇವೆ. ಈ ಕಾರಣಕ್ಕಾಗಿಯೇ ಅದನ್ನು ಮನೆಯಲ್ಲಿ ತಂದಿಟ್ಟುಕೊಂಡು ಚುಚ್ಚಿಸಿಕೊಳ್ಳಲು ಆಗುವುದಿಲ್ಲ, ಮತ್ತು ವಿಷ ಏರಿದ ಲಕ್ಷಣ ಇಲ್ಲದವರಿಗೆ ನಾವು ಅದನ್ನು ಕೊಡುವುದೂ ಇಲ್ಲ. ಲಕ್ಷಣ ಕಂಡರೆ ಸಾಮಾನ್ಯವಾಗಿ 10 ವಯಲ್‌ಗಳಷ್ಟನ್ನು ಸಲೈನಿನಲ್ಲಿ ಸೇರಿಸಿ ರಕ್ತನಾಳಕ್ಕೆ ಕೊಡುತ್ತೇವೆ. ಮಕ್ಕಳಿಗೂ ದೊಡ್ಡವರಷ್ಟೇ ಕೊಡುತ್ತೇವೆ, ಏಕೆಂದರೆ ಹಾವು ಮಗುವೆಂದು ವಿಷ ಕಡಿಮೆ ಬಿಟ್ಟಿರುವುದಿಲ್ಲ. ಇಂಜೆಕ್ಷನ್ ಆದ ಮೇಲೆ ಸತ್ತವರ ವಿಷಯದಲ್ಲಿ ಕಚ್ಚಿ ಎಷ್ಟು ಹೊತ್ತಿಗೆ ಅವರನ್ನು ಕರೆತಂದರು ಎಂದು ವಿಚಾರಿಸಿ ನೋಡಿ. ಬಹುಪಾಲು ಉತ್ತರ ಅಲ್ಲಿಯೇ ಸಿಗುತ್ತದೆ.

ಇನ್ನೊಂದು ಮಿತಿಯೂ ಇದೆ. ನಮ್ಮಲ್ಲಿ ಸಿಗುವ ವಿಷನಿರೋಧಕ ಮೇಲೆ ಹೇಳಿದ ನಾಲ್ಕು ಹಾವುಗಳ ವಿಷಕ್ಕೆ ಮಾತ್ರ ತಯಾರಾದದ್ದು. ಮಲೆನಾಡಿನ ಕಾಫಿ, ಏಲಕ್ಕಿ, ಅಡಿಕೆ ತೋಟಗಳಲ್ಲಿ ಸಿಗುವ ಗುಳಿಮಂಡಲಗಳಿಗೆ ಅದು ಕೆಲಸ ಮಾಡದು. ಆ ಕಡಿತಗಳಲ್ಲಿ ಹೆಚ್ಚಿನವು ವಿಪರೀತ ಊತ, ನೋವಿನಲ್ಲೇ ಮುಗಿಯುತ್ತವೆ, ಆದರೆ ಕೆಲವರಿಗೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಆದ್ದರಿಂದ ಆಸ್ಪತ್ರೆಯಲ್ಲಿ 'ಇಂಜೆಕ್ಷನ್ ಬೇಡ, 24 ಗಂಟೆ ಇರಿ' ಎಂದರೆ ಏನೂ ಮಾಡುತ್ತಿಲ್ಲವೆಂದು ಎದ್ದು ಬರಬೇಡಿ. ಆ ಇರುವಿಕೆಯೇ ಚಿಕಿತ್ಸೆಯ ಭಾಗ. ರಕ್ತದ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿ, ಮೂತ್ರದ ಪ್ರಮಾಣವನ್ನು ನೋಡುತ್ತಿರುತ್ತೇವೆ.

ಪಂಡಿತರ ವಿಷಯದಲ್ಲಿ ನಿಮ್ಮ ಮುಂದೆ ಮೂರು ದಾರಿಗಳು ಕಾಣುತ್ತವೆ. ಮೊದಲು ಅವರ ಬಳಿ ಹೋಗಿ, ಗುಣವಾಗದಿದ್ದರೆ ಆಸ್ಪತ್ರೆಗೆ ಬರುವುದು ಮನೆಯವರಿಗೆ ಸುಲಭವಾಗಿ ಒಪ್ಪಿಗೆಯಾಗುತ್ತದೆ, ಆದರೆ ಅತ್ಯಂತ ಅಪಾಯದ ದಾರಿ ಅದೇ. ವಿಷ ಏರಿದೆ ಎಂದು ಕಣ್ಣಿಗೆ ಕಾಣುವ ಹೊತ್ತಿಗೆ ಒಳಗಿನ ಹಾನಿ ಮುಂದುವರಿದಿರುತ್ತದೆ. ಪಂಡಿತರನ್ನು ಪೂರ್ತಿ ದೂರ ಮಾಡುವುದು ವೈದ್ಯಕೀಯವಾಗಿ ಸರಿ, ಆದರೆ ಕಚ್ಚಿದ ಆ ಗಳಿಗೆಯಲ್ಲಿ ಮನೆಯಲ್ಲಿ ಜಗಳವೆದ್ದು ಹೊತ್ತು ಕಳೆದರೆ ಫಲವಿಲ್ಲ. ನನಗೆ ಸರಿಯೆನಿಸುವುದು ಮೂರನೆಯದು: ಏನೂ ಆಗಿರದ ಈ ಹೊತ್ತಿನಲ್ಲೇ ನಿಮ್ಮ ಯಜಮಾನರು ಪಂಡಿತರ ಮನೆಗೆ ಹೋಗಿ ಮಾತಾಡಲಿ. 'ಏನಾದರೂ ಆದರೆ ನಾವು ನೇರ ಆಸ್ಪತ್ರೆಗೆ ಹೋಗುತ್ತೇವೆ, ನೀವು ಮನೆಯಿಂದಲೇ ಪ್ರಾರ್ಥನೆ ಮಾಡಿ, ಅಥವಾ ನಮ್ಮ ಜೊತೆಯೇ ಬನ್ನಿ' ಎಂದು ಕೇಳಲಿ. ಹಾಗೆ ರೋಗಿಯ ಜೊತೆಗೇ ಜೀಪು ಹತ್ತಿ ಬಂದ ಪಂಡಿತರನ್ನು ನಾನು ವಾರ್ಡಿನಲ್ಲಿ ಕಂಡಿದ್ದೇನೆ. ಹೊಟ್ಟೆಗೆ ಏನನ್ನೂ ಕುಡಿಸದಿರುವಂತೆ ಮಾತ್ರ ವಿನಂತಿಸಬೇಕು. ನುಂಗುವ ಶಕ್ತಿ ಕುಗ್ಗಿದವರಿಗೆ ಕಷಾಯ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ನಾಗದೋಷದ ಬಗ್ಗೆ ಕೇಳಿದ್ದೀರಿ. ನಾನು ಜ್ಯೋತಿಷಿಯಲ್ಲ. ವೈದ್ಯನಾಗಿ ನಾನು ಕಂಡ ಮಟ್ಟಿಗೆ ಹಾವು ಕಚ್ಚಿಸಿಕೊಂಡವರು ಬೆಳಕಿಲ್ಲದೆ ನಡೆದವರು, ಕಾಣದ ಸಂದಿಗೆ ಕೈ ಹಾಕಿದವರು, ನೆಲದ ಮೇಲೆ ಮಲಗಿದವರು, ಹುಲ್ಲು ಕೊಯ್ದವರು. ಅವರಲ್ಲಿ ಪರಮ ಭಕ್ತರೂ ಇದ್ದರು, ದೇವಸ್ಥಾನದ ಅರ್ಚಕರೂ ಇದ್ದರು. ದೋಷದ ಮಾತಿನಿಂದ ಆಗುವ ಒಂದು ಕೆಡುಕನ್ನು ಹೇಳಲೇಬೇಕು. ಕಚ್ಚಿಸಿಕೊಂಡವರು ತಾವು ಏನೋ ತಪ್ಪು ಮಾಡಿದೆವೆಂದು ಒಳಗೊಳಗೆ ಕುಗ್ಗುತ್ತಾರೆ, ಹೆಂಗಸರಾದರೆ ಮುಟ್ಟು ಮಡಿಯ ವಿಚಾರಣೆಗಳೂ ನಡೆಯುತ್ತವೆ, ಆ ಅಂಜಿಕೆಯಿಂದ ಕೆಲವರು ಕಚ್ಚಿದ್ದನ್ನೇ ಮುಚ್ಚಿಡುತ್ತಾರೆ. ನಿಮ್ಮ ಮನೆಯಲ್ಲಿ ಯಾರಿಗೂ ಹಾಗೆ ಮುಚ್ಚಿಡಬೇಕೆನಿಸದಿರಲಿ, ಮುಖ್ಯವಾಗಿ ಮಕ್ಕಳಿಗೆ. 'ಹಾವು ಕಂಡರೆ, ಏನಾದರೂ ಚುಚ್ಚಿದಂತಾದರೆ ತಕ್ಷಣ ಹೇಳು, ಯಾರೂ ಬೈಯುವುದಿಲ್ಲ' ಎಂದು ಅಜ್ಜಿಯಿಂದಲೇ ಅವರಿಗೆ ಹೇಳಿಸಿ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಆಶ್ಲೇಷಾ ಬಲಿಯನ್ನೋ ಸರ್ಪಸಂಸ್ಕಾರವನ್ನೋ ಮಾಡಿಸಬೇಕೆಂಬ ಆಸೆ ಮನೆಯವರಿಗಿದ್ದರೆ ಮಾಡಿಸಲಿ, ಮನಸ್ಸಿಗೆ ಸಮಾಧಾನವಾಗುತ್ತದೆ. ಆದರೆ ಸೇವೆಗೆ ದಿನ ಗೊತ್ತಾಗಿದೆಯೆಂದು ಆಸ್ಪತ್ರೆಯಿಂದ ಅರ್ಧಕ್ಕೆ ಬಿಡಿಸಿಕೊಂಡು ಹೋಗಬಾರದು. ಆ ಸೇವೆಗೆ ಬೇರೆ ದಿನ ಸಿಗುತ್ತದೆ.

ನಿಮ್ಮಿಂದ ಈ ವಾರವೇ ಆಗಬೇಕಾದ ಒಂದು ಕೆಲಸವಿದೆ. ನಿಮ್ಮ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಅಲ್ಲಿ ವಿಷನಿರೋಧಕ ಈಗ ದಾಸ್ತಾನು ಇದೆಯೇ, ರಾತ್ರಿ ವೈದ್ಯರು ಇರುತ್ತಾರೆಯೇ ಎಂದು ಕೇಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ರಾತ್ರಿ ಅಲ್ಲಿ ಯಾರೂ ಇರುವುದಿಲ್ಲವೆಂದಾದರೆ ನೇರವಾಗಿ ತಾಲ್ಲೂಕು ಆಸ್ಪತ್ರೆಗೇ ಹೋಗಬೇಕೆಂದು ಮನೆಯಲ್ಲಿ ಈಗಲೇ ತೀರ್ಮಾನಿಸಿ. ಕೃತಕ ಉಸಿರಾಟದ ಯಂತ್ರ ಎಲ್ಲಿದೆ, ಅಲ್ಲೋ ಶಿವಮೊಗ್ಗದಲ್ಲೋ ಎಂಬುದನ್ನೂ ವಿಚಾರಿಸಿಟ್ಟುಕೊಳ್ಳಿ. ರಾತ್ರಿ ಕರೆದರೆ ಬರುವ ಇಬ್ಬರು ವಾಹನದವರ ನಂಬರುಗಳನ್ನು, ಆಸ್ಪತ್ರೆಯ ನಂಬರನ್ನು, 108ನ್ನು ದಪ್ಪ ಅಕ್ಷರದಲ್ಲಿ ಬರೆದು ಎಲ್ಲರಿಗೂ ಕಾಣುವಲ್ಲಿ ಅಂಟಿಸಿ. ನಿಮ್ಮ ಕಡೆ ಮಳೆಗೆ ಮೊಬೈಲ್ ಸಿಗ್ನಲ್ ಹೋಗುವುದು ಸಾಮಾನ್ಯವಾದ್ದರಿಂದ, ಸಿಗ್ನಲ್ ಇಲ್ಲದಾಗ ಯಾರು ಯಾವ ಮನೆಗೆ ಓಡಿ ವಾಹನಕ್ಕೆ ಹೇಳಬೇಕು ಎಂಬುದನ್ನೂ ನಿಮ್ಮ ಮೈದುನನ ಜೊತೆ ಕುಳಿತು ಮಾತಾಡಿಕೊಳ್ಳಿ.